ಕಡಿಮೆ ಬಜೆಟ್ಟಿನ ಪುಟ್ಟ ಡೆಸ್ಕ್‌ಟಾಪ್: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

‘ಬಜೆಟ್ ಪಿಸಿ’ ವಿಡಿಯೊಗಳಲ್ಲಿ ಮೊದಲು ಪ್ರೊಸೆಸರ್, ಆಮೇಲೆ ಗ್ರಾಫಿಕ್ಸ್ ಕಾರ್ಡ್, ಕೊನೆಗೆ ಕೈಯಲ್ಲಿ ಉಳಿದ ಚಿಲ್ಲರೆಗೆ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಹೊಂದಿಸಿ ಕೊಡುವ ಡಬ್ಬ). ಬೆಂಗಳೂರಿನ ಫ್ಲ್ಯಾಟಿಗೆ ಅದು ಸರಿಯಿರಬಹುದು. ಸಾಗರ, ಹೊಸನಗರ, ತೀರ್ಥಹಳ್ಳಿ, ಕೊಪ್ಪದ ಕಡೆ ಪ್ರೊಸೆಸರ್ ಹಳತಾಯಿತು ಅಂತ ಕಂಪ್ಯೂಟರ್ ಅಟ್ಟ ಸೇರಿದ್ದು ಕಡಿಮೆ. ಕರೆಂಟಿಗೆ, ಸಿಡಿಲಿಗೆ, ಥಂಡಿಗೆ ಸತ್ತದ್ದೇ ಜಾಸ್ತಿ. ಹಾಗಾಗಿ ಇಲ್ಲಿನ ಲೆಕ್ಕ ಹಿಂದಿನಿಂದ ಮುಂದಕ್ಕೆ.

ಡೆಸ್ಕ್‌ಟಾಪ್ ಜೋಡಿಸೋದಾ, ಲ್ಯಾಪ್‌ಟಾಪೇ ತಗೊಳ್ಳೋದಾ?

ಶಂಕರಘಟ್ಟದ ಕುವೆಂಪು ವಿ.ವಿ. ಹಾಸ್ಟೆಲಿಗೂ ಊರಿಗೂ ಹೊತ್ತು ತಿರುಗುವುದಿದ್ದರೆ ಲ್ಯಾಪ್‌ಟಾಪ್, ಬೇರೆ ಮಾತಿಲ್ಲ. ಒಂದೇ ಮೇಜಿನ ಮೇಲೆ ಕೂರುವುದಾದರೆ ಡೆಸ್ಕ್‌ಟಾಪ್. ವೇಗಕ್ಕಿಂತ ರಿಪೇರಿಯ ಅನುಕೂಲಕ್ಕೆ ಈ ಮಾತು. ಡೆಸ್ಕ್‌ಟಾಪಿನ ಎಸ್‌ಎಂಪಿಎಸ್ ಸುಟ್ಟರೆ ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗಿ, ಸಂಜೆಯೊಳಗೆ ಹೊಸದು ಹಾಕಿ ಕೂರಬಹುದು. ಲ್ಯಾಪ್‌ಟಾಪಿನ ಬೋರ್ಡ್ ಹೋದರೆ ಅದು ಬೆಂಗಳೂರಿಗೆ ಹೋಗಿ ಬರುವವರೆಗೆ ಕಾಯಬೇಕು. ಬಿಲ್ ನೋಡಿದ ಮೇಲೆ ಹೊಸದೇ ತಗೊಳ್ಳಬಹುದಿತ್ತು ಅನಿಸುತ್ತದೆ.

ಕಾಂಪ್ಯಾಕ್ಟ್ ಅಂದ್ರೆ ಎಷ್ಟು ಚಿಕ್ಕದು? ಮಿನಿ-ಐಟಿಎಕ್ಸ್ ತಗೊಳ್ಳಲಾ?

ಇವು ಮದರ್‌ಬೋರ್ಡಿನ ಅಳತೆಗಳು: ಮಿನಿ-ಐಟಿಎಕ್ಸ್ ಬೋರ್ಡ್ 170 × 170 ಮಿ.ಮೀ., ಮೈಕ್ರೊ-ಎಟಿಎಕ್ಸ್ 244 × 244 ಮಿ.ಮೀ. ವರೆಗೆ. ನೋಡಲು ಮಿನಿ-ಐಟಿಎಕ್ಸ್ ಮುದ್ದಾಗಿದೆ, ನಿಜ. ಆದರೆ ಅದೇ ಸೌಲಭ್ಯದ ಬೋರ್ಡಿಗೆ ಹೆಚ್ಚು ದುಡ್ಡು, ಅದಕ್ಕೆ ಹೊಂದುವ ಕ್ಯಾಬಿನೆಟ್ಟಿಗೆ ಇನ್ನೂ ಹೆಚ್ಚು, ಅನೇಕ ಕ್ಯಾಬಿನೆಟ್ಟುಗಳಿಗೆ ಎಸ್‌ಎಫ್‌ಎಕ್ಸ್ ಅನ್ನುವ ಚಿಕ್ಕ ಅಳತೆಯ ಎಸ್‌ಎಂಪಿಎಸ್ಸೇ ಆಗಬೇಕು. ಆ ಎಸ್‌ಎಂಪಿಎಸ್ ಆಷಾಢದಲ್ಲಿ ಒಂದು ದಿನ ಕೈಕೊಟ್ಟರೆ ಶಿವಮೊಗ್ಗದ ನೆಹರೂ ರಸ್ತೆಯಲ್ಲಿ ನಾಲ್ಕು ಅಂಗಡಿ ಹತ್ತಿಳಿದರೂ ಸಿಗುವ ಖಾತ್ರಿ ಇಲ್ಲ.

ನನ್ನ ಮಟ್ಟಿಗೆ ಬಜೆಟ್ ಮತ್ತು ಚಿಕ್ಕದು ಎರಡೂ ಸೇರುವ ಜಾಗ ಮೈಕ್ರೊ-ಎಟಿಎಕ್ಸ್. ಕೂಲರ್ ಮಾಸ್ಟರ್ ಕ್ಯೂ300ಎಲ್ ತರಹದ ಗಿಡ್ಡ ಕ್ಯಾಬಿನೆಟ್, ಮಾಮೂಲಿ ಎಟಿಎಕ್ಸ್ ಎಸ್‌ಎಂಪಿಎಸ್. ಅದಕ್ಕಿಂತ ಚಿಕ್ಕದೇ ಬೇಕು ಅಂದರೆ ಅರ್ಧಕ್ಕೆ ನಿಲ್ಲಬೇಡಿ, ಕೆಳಗೆ ಹೇಳಿರುವ ಒಂದು ಲೀಟರಿನ ಸೆಕೆಂಡ್ ಹ್ಯಾಂಡ್ ಡಬ್ಬಕ್ಕೇ ಹೋಗಿ.

ಸರಿ, ಯಾವ ಭಾಗದಿಂದ ಶುರು ಮಾಡಲಿ?

ಎಸ್‌ಎಂಪಿಎಸ್. ಕ್ಯಾಬಿನೆಟ್ ಜತೆ ‘ಫ್ರೀ’ ಬರುವುದನ್ನು ಅಲ್ಲೇ ಬಿಟ್ಟು ಬನ್ನಿ. ಅದರ ಮೈಮೇಲೆ 450 ವ್ಯಾಟ್ ಅಂತ ಬರೆದಿರುತ್ತದೆ. ಕೈಯಲ್ಲಿ ಹಿಡಿದರೆ ಒಳಗೆ ಏನೂ ಇಲ್ಲದಷ್ಟು ಹಗುರ.

ನೀವು ಜೋಡಿಸುವ ಯಂತ್ರ ತಿನ್ನುವುದೇ ಕಡಿಮೆ. 65 ವ್ಯಾಟ್ ಅಂತ ಬರೆದಿರುವ ಎಎಂ4 (ಎಎಂಡಿಯ ಹಳೆಯ ಸಾಕೆಟ್) ಪ್ರೊಸೆಸರ್ ಪೂರ್ತಿ ಕೆಲಸಕ್ಕಿಳಿದಾಗ ಎಳೆಯುವುದು 88 ವ್ಯಾಟ್ ವರೆಗೆ. ಉಳಿದದ್ದೆಲ್ಲ ಸೇರಿ ಗೋಡೆಯಿಂದ ನೂರು, ನೂರಿಪ್ಪತ್ತು. ಬ್ರೌಸರ್ ತೆರೆದು ಕೂತಾಗ ಅದರ ಮೂರನೇ ಒಂದು ಪಾಲೂ ಇಲ್ಲ. ಹಾಗಾಗಿ ವ್ಯಾಟ್ ಹಿಂದೆ ಓಡಬೇಡಿ. ಹೆಸರಿರುವ ಕಂಪನಿಯ 400–450 ವ್ಯಾಟ್, 80 ಪ್ಲಸ್ ಬ್ರಾಂಜ್ (ಕರೆಂಟು ಹೆಚ್ಚು ಪೋಲಾಗದು ಅನ್ನುವ ದರ್ಜೆ) ಇದ್ದರೆ ಸಾಕೋಸಾಕು.

ಮುಖ್ಯವಾದದ್ದು ಪಕ್ಕದ ಲೇಬಲ್. ಅಲ್ಲಿ ‘ಎಸಿ ಇನ್‌ಪುಟ್’ ಅನ್ನುವ ಸಾಲು ಓದಿ. ಅಗ್ಗದ ಮಾಡೆಲ್‌ಗಳಲ್ಲಿ 200–240 ವೋಲ್ಟ್ ಅಂತಿರುತ್ತದೆ, ಕೆಲವದರಲ್ಲಿ 100–240. ಲೈನಿನ ಕೊನೆಯಲ್ಲಿರುವ ಮನೆಗಳಿಗೆ ಇದು ದೊಡ್ಡ ವ್ಯತ್ಯಾಸ. ಬೇಸಿಗೆಯಲ್ಲಿ ತೋಟದ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾದರೆ ಬಲ್ಬು ಕೆಂಪಗಾಗುವುದನ್ನು ನೀವೇ ನೋಡಿದ್ದೀರಿ. ವೋಲ್ಟೇಜ್ 160ಕ್ಕೆ ಇಳಿದರೆ ಮೊದಲನೆಯದು ರೀಸ್ಟಾರ್ಟ್ ಆಗುತ್ತಾ ಕೂರುತ್ತದೆ. ಎರಡನೆಯದು ಏನೂ ಆಗದ ಹಾಗೆ ನಡೆಯುತ್ತದೆ. ಅಂಗಡಿಯವರು ಡಬ್ಬ ಬಿಚ್ಚಿ ತೋರಿಸಲು ಹಿಂದೆಮುಂದೆ ನೋಡಿದರೆ ಬೇರೆ ಅಂಗಡಿ ನೋಡಿ.

ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅನ್ನುತ್ತೆ. ಎಸ್‌ಎಂಪಿಎಸ್ ಹಾಳಾ?

ಬಹುಪಾಲು ಅಲ್ಲ. ನಿಮ್ಮ ಅರ್ಥಿಂಗ್ ಇಲ್ಲ, ಅಷ್ಟೆ. ಎಸ್‌ಎಂಪಿಎಸ್ಸಿನ ಒಳಗೆ ಫೇಸಿನಿಂದ ಅರ್ಥಿಗೆ ಒಂದು, ನ್ಯೂಟ್ರಲ್‌ನಿಂದ ಅರ್ಥಿಗೆ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ಗದ್ದಲದ ಕರೆಂಟನ್ನು ಭೂಮಿಗೆ ಕಳಿಸುವುದು ಅವುಗಳ ಕೆಲಸ. ಭೂಮಿಗೆ ದಾರಿಯೇ ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಮೈಮೇಲೆ 230ರ ಅರ್ಧ, ಅಂದರೆ ಸುಮಾರು 115 ವೋಲ್ಟ್ ನಿಲ್ಲುತ್ತದೆ. ಟೆಸ್ಟರ್ ಇಟ್ಟರೆ ಮಂಕಾಗಿ ಉರಿಯುತ್ತದೆ. ಹರಿಯುವ ಕರೆಂಟು ತೀರಾ ಕಡಿಮೆ, ಹೆದರಬೇಡಿ. ಆದರೆ ಹಾಗೇ ಬಿಡಬೇಡಿ: ಆನ್ ಇರುವಾಗ ಎಚ್‌ಡಿಎಂಐ ಕೇಬಲ್ ಚುಚ್ಚಿದರೆ ಅದೇ ವೋಲ್ಟೇಜ್ ಟಿವಿಯ ಅಥವಾ ಮಾನಿಟರಿನ ಪೋರ್ಟನ್ನು ಸುಡಬಹುದು. ನಿಜವಾದ ಲೀಕೇಜ್ ಆದ ದಿನ ಫ್ಯೂಸ್ ಹೋಗುವುದಿಲ್ಲ, ನಿಮ್ಮ ಕೈಯೇ ದಾರಿಯಾಗುತ್ತದೆ.

ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಮೂರನೆಯ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಉಪ್ಪು, ಇದ್ದಿಲು ಹಾಕಿದ ಅರ್ಥಿಂಗ್ ಗುಂಡಿ ಮಾಡಿಸಿ. ಜಂಬಿಟ್ಟಿಗೆ ನೆಲದಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ಗುಂಡಿ ಒಣಗುತ್ತದೆ. ಆಗಾಗ ಒಂದು ಕೊಡ ನೀರು ಹುಯ್ಯಿರಿ. ಮೂರು ಪಿನ್ನಿಗೆ ಎರಡು ಪಿನ್ನಿನ ಅಡಾಪ್ಟರ್ ಹಾಕುವುದನ್ನು ಇವತ್ತೇ ನಿಲ್ಲಿಸಿ.

ಮನೇಲಿ ಇನ್ವರ್ಟರ್ ಇದೆ. ಯುಪಿಎಸ್ ಬೇರೆ ಬೇಕಾ?

ಶರಾವತಿಯ ಕರೆಂಟು ರಾಜ್ಯಕ್ಕೆಲ್ಲ ಹೋಗುತ್ತದೆ, ಹೊಸನಗರದ ಹಳ್ಳಿಯಲ್ಲಿ ಮಾತ್ರ ಲೈನಿನ ಮೇಲೆ ಒಂದು ಮರ ಬಿದ್ದರೆ ಎರಡು ದಿನ ಕತ್ತಲೆ. ಹಾಗಾಗಿ ಇನ್ವರ್ಟರ್ ಎಲ್ಲರ ಮನೆಯಲ್ಲೂ ಇದೆ. ಅದು ಸೈನ್ ವೇವ್ (ಲೈನಿನ ಕರೆಂಟಿನ ಹಾಗೆ ನಯವಾದ ಅಲೆ ಕೊಡುವಂಥದ್ದು) ಆಗಿದ್ದು, ‘ಯುಪಿಎಸ್ ಮೋಡ್’ ಅನ್ನುವ ಸ್ವಿಚ್ ಇದ್ದರೆ ಯುಪಿಎಸ್ ಬೇಡ.

ಕರೆಂಟು ಹೋಗಿ ಇನ್ವರ್ಟರ್ ಎತ್ತಿಕೊಳ್ಳುವವರೆಗಿನ ಸಂದು ಮಿಲಿಸೆಕೆಂಡುಗಳ ಲೆಕ್ಕ. ಒಳ್ಳೆಯ ಎಸ್‌ಎಂಪಿಎಸ್ ಪೂರ್ತಿ ಲೋಡಿನಲ್ಲಿ 16 ಮಿಲಿಸೆಕೆಂಡಿನಷ್ಟು ಉಸಿರು ಹಿಡಿಯುತ್ತದೆ, ಕಡಿಮೆ ಲೋಡಿದ್ದರೆ ಇನ್ನೂ ಹೆಚ್ಚು. 450 ವ್ಯಾಟಿನದರ ಮೇಲೆ ನೂರು ವ್ಯಾಟ್ ಹೊರೆ ಇಟ್ಟರೆ ಸಿಗುವ ಲಾಭ ಇದೇ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಆಕ್ಟಿವ್ ಪಿಎಫ್‌ಸಿ (ಲೈನಿನಿಂದ ಕರೆಂಟನ್ನು ಹದವಾಗಿ ಎಳೆಯುವ ಸರ್ಕ್ಯೂಟ್) ಇರುವ ಎಸ್‌ಎಂಪಿಎಸ್ ಗುಂಯ್ ಅನ್ನಬಹುದು, ಆಫ್ ಕೂಡ ಆಗಬಹುದು. ಅಲ್ಲಿ ಬೇರೆ ಯುಪಿಎಸ್ ಇಟ್ಟುಕೊಳ್ಳಿ.

600 ವಿಎ ಯುಪಿಎಸ್ಸಿನ ಒಳಗೆ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ. ನೂರು ವ್ಯಾಟಿಗೆ ಕಾಲು ಗಂಟೆ, ಇಪ್ಪತ್ತು ನಿಮಿಷ. ಕೆಲಸ ಸೇವ್ ಮಾಡಲು ಸಾಕು, ಮೀಟಿಂಗ್ ಮುಗಿಸಲು ಸಾಲದು. 150 ಆಂಪಿಯರ್-ಅವರ್ ಇನ್ವರ್ಟರ್ ಬ್ಯಾಟರಿ ಗಟ್ಟಿಯಾಗಿದ್ದರೆ, ಕಂಪ್ಯೂಟರ್ ಮತ್ತು ಮಾನಿಟರ್ ಸೇರಿ 70 ವ್ಯಾಟಿನ ಮಾಮೂಲಿ ಕೆಲಸವನ್ನು ಹೆಚ್ಚುಕಡಿಮೆ ಇಡೀ ದಿನ ಎಳೆಯುತ್ತದೆ. ಮನೆಯಿಂದ ಕೆಲಸ ಮಾಡುವವರು ಗ್ರಾಫಿಕ್ಸ್ ಕಾರ್ಡ್ ಬೇಡ ಅನ್ನಲು ಇದೊಂದೇ ಕಾರಣ ಸಾಕು.

ಗುಡುಗು, ಸಿಡಿಲಿಗೆ ಸ್ಪೈಕ್ ಬಸ್ಟರ್ ಸಾಕಾ?

ಸಾಲದು. ಅದರೊಳಗಿನ ಎಂಒವಿ ಅನ್ನುವ ಬಿಲ್ಲೆ ಸಣ್ಣಪುಟ್ಟ ಏರಿಳಿತ ನುಂಗುತ್ತದೆ, ನುಂಗಿದಷ್ಟೂ ಸವೆಯುತ್ತದೆ. ಹತ್ತಿರ ಬಿದ್ದ ಸಿಡಿಲಿಗೆ ಅದು ಲೆಕ್ಕಕ್ಕಿಲ್ಲ. ಏಪ್ರಿಲ್, ಮೇ ಸಂಜೆ ಮೋಡ ಕಟ್ಟಿದರೆ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಆಗುವುದಿಲ್ಲ, ಕೀಳಬೇಕು. ಜತೆಗೆ ಲ್ಯಾನ್ ಕೇಬಲ್ ಕೂಡ: ಪ್ಲಗ್ ಕಿತ್ತು ಲ್ಯಾನ್ ಬಿಟ್ಟವರ ಮದರ್‌ಬೋರ್ಡ್ ನೆಟ್‌ವರ್ಕ್ ಪೋರ್ಟಿನಿಂದಲೇ ಸುಡುತ್ತದೆ. ಫೈಬರಿನ ಗಾಜಿನಲ್ಲಿ ಕರೆಂಟು ಹರಿಯದು ನಿಜ, ಆದರೆ ಆ ಮೋಡೆಮ್ಮಿನ ಅಡಾಪ್ಟರ್ ಗೋಡೆಗೇ ಚುಚ್ಚಿರುತ್ತದಲ್ಲ. ವೈಫೈ ಇದ್ದರೆ ಈ ತಾಪತ್ರಯ ಅರ್ಧ ಕಡಿಮೆ.

ಪ್ರೊಸೆಸರ್ ಯಾವುದು?

ಕೆಲಸ ಹೇಳಿ, ಪ್ರೊಸೆಸರ್ ಹೇಳುತ್ತೇನೆ.

ಲೆಕ್ಕಪತ್ರ, ಆನ್‌ಲೈನ್ ಅರ್ಜಿ, ಮಕ್ಕಳ ಪಾಠ: ಇಂಟೆಲ್ ಐ3-12100. ನಾಲ್ಕು ಕೋರ್, ಎಂಟು ಥ್ರೆಡ್. ಕೊನೆಯಲ್ಲಿ ‘ಎಫ್’ ಇರುವುದು ಬೇಡ, ಅದರಲ್ಲಿ ಡಿಸ್‌ಪ್ಲೇ ಕೊಡುವ ಗ್ರಾಫಿಕ್ಸ್ ಇಲ್ಲ. ಕಡಿಮೆಗೆ ಬಂತು ಅಂತ 12100ಎಫ್ ತಂದರೆ ಪರದೆ ಕಪ್ಪು.

ಇದೆಲ್ಲದರ ಜತೆ ಕೋಡಿಂಗ್, ಸಂಜೆ ಒಂಚೂರು ಗೇಮ್: ರೈಜನ್ 5 5600ಜಿ. 2021ರದ್ದು, ಆರು ಕೋರ್, ಹನ್ನೆರಡು ಥ್ರೆಡ್, ಒಳಗೇ ವೇಗಾ ಗ್ರಾಫಿಕ್ಸ್, ಡಬ್ಬದಲ್ಲೇ ಕೂಲರ್. ಆ ಕೂಲರಿನ ಎತ್ತರ 54 ಮಿ.ಮೀ., ಗಿಡ್ಡ ಕ್ಯಾಬಿನೆಟ್ಟಿಗೂ ಹಿಡಿಸುತ್ತದೆ. ಎಎಂಡಿಯಲ್ಲಿ ಅಕ್ಷರದ ಲೆಕ್ಕ ಉಲ್ಟಾ: ‘ಜಿ’ ಇರಬೇಕು. 5500, 5600 ಎರಡರಲ್ಲೂ ಗ್ರಾಫಿಕ್ಸ್ ಇಲ್ಲ.

ಮದುವೆ ವಿಡಿಯೊ ಎಡಿಟಿಂಗ್ ಮಾಡುವವರು ಮಾತ್ರ ಬೇರೆ ದಾರಿ ಹಿಡಿಯಬೇಕು. ಈಗಿನ ಸೋನಿ, ಕೆನಾನ್ ಕ್ಯಾಮೆರಾಗಳು 10-ಬಿಟ್ 4:2:2 ಎಚ್.265 (ಬಣ್ಣದ ವಿವರ ಹೆಚ್ಚಿದ್ದು, ಕುಗ್ಗಿಸಿ ಇಟ್ಟ ವಿಡಿಯೊ ಮಾದರಿ) ನಲ್ಲಿ ಉಗುಳುವ ಫೈಲನ್ನು ಬಿಚ್ಚಲು ಇಂಟೆಲ್ 12ನೇ ಪೀಳಿಗೆಯ ಒಳಗಿನ ಗ್ರಾಫಿಕ್ಸಿಗೆ ಬರುತ್ತದೆ, 5600ಜಿಗೆ ಬರುವುದಿಲ್ಲ. ಟೈಮ್‌ಲೈನ್ ಎಳೆದಾಗ ಮುತ್ತೈದೆಯರು ಆರತಿ ಎತ್ತುವುದು ಒಂದೊಂದೇ ಫೋಟೊ ಆಗಿ ಕಾಣುತ್ತಿದ್ದರೆ ಕಾರಣ ಇದೇ. ಅವರಿಗೆ ಐ5-12400, ಅದೂ ಎಫ್ ಇಲ್ಲದ್ದು.

ಅಂಗಡಿಯ ಬಿಲ್ಲಿಂಗಿಗೆ ಇಷ್ಟೂ ಬೇಡ. ಎನ್100 ಚಿಪ್ ಇರುವ ಮಿನಿ ಪಿಸಿ ಸಾಕು. ಆರು ವ್ಯಾಟಿನ ಚಿಪ್ ಅದು.

ಎಎಂಡಿಯ ಹೊಸ ಸಾಕೆಟ್ ಎಎಂ5ನ 8500ಜಿ, 8600ಜಿ ಇನ್ನೂ ಚೆನ್ನಾಗಿವೆ, ಮುಂದೆ ಪ್ರೊಸೆಸರ್ ಬದಲಿಸಲು ದಾರಿಯೂ ಇದೆ. ಆದರೆ ಹೊಸ ಪೀಳಿಗೆಯ ಡಿಡಿಆರ್5 ರ‍್ಯಾಮ್ ಕಡ್ಡಾಯ. ಕಡಿಮೆ ಬಜೆಟ್ ಅಲ್ಲೇ ಒಡೆಯುತ್ತದೆ.

ಮದರ್‌ಬೋರ್ಡ್ ಕೊಳ್ಳುವಾಗ ಏನು ಕೇಳಬೇಕು?

5600ಜಿಗೆ ಎ520 ಅಥವಾ ಬಿ550, ಇಂಟೆಲ್‌ಗೆ ಎಚ್610. ಎ520 ಡಬ್ಬದ ಮೇಲೆ ‘ರೈಜನ್ 5000 ರೆಡಿ’ ಸ್ಟಿಕ್ಕರ್ ಇಲ್ಲದಿದ್ದರೆ ಬಯಾಸ್ (ಬೋರ್ಡನ್ನು ಚಾಲೂ ಮಾಡುವ ಒಳಗಿನ ತಂತ್ರಾಂಶ) ಅಪ್‌ಡೇಟ್ ಅಲ್ಲೇ ಮಾಡಿಸಿಕೊಂಡು ಬನ್ನಿ. ತೀರ್ಥಹಳ್ಳಿಗೆ ಬಂದ ಮೇಲೆ ಗೊತ್ತಾದರೆ ಮತ್ತೆ ಬಸ್ಸು ಹತ್ತಬೇಕು. ಎಚ್610ರಲ್ಲಿ ಡಿಡಿಆರ್4ರದ್ದೂ ಇದೆ, ಡಿಡಿಆರ್5ರದ್ದೂ ಇದೆ, ಡಬ್ಬ ನೋಡಲು ಒಂದೇ ತರ. ಎಸ್‌ಎಸ್‌ಡಿ ಕೂರಿಸುವ ಎಂ.2 ಸ್ಲಾಟ್ ಇದೆಯಾ ನೋಡಿ, ಕೆಲವು ಅಗ್ಗದ ಎಚ್610 ಬೋರ್ಡುಗಳಲ್ಲಿ ಅದನ್ನೇ ತೆಗೆದಿರುತ್ತಾರೆ. ಹಳೆಯ ಮಾನಿಟರ್ ಇದ್ದರೆ ವಿಜಿಎ ಪೋರ್ಟ್ ಕೂಡ.

8 ಜಿಬಿ ರ‍್ಯಾಮ್ ಸಾಕಾಗಲ್ವಾ? ರೇಟು ಯಾಕಿಷ್ಟು?

2025ರ ಕೊನೆಯಿಂದ ರ‍್ಯಾಮ್ ದರ ಏರಿದ ರಭಸಕ್ಕೆ ಕಾರಣ ಎಐ ಡೇಟಾ ಸೆಂಟರುಗಳು. ಚಿಪ್ ಮಾಡುವವರೆಲ್ಲ ಅತ್ತ ತಿರುಗಿದ್ದಾರೆ. ಮೈಕ್ರಾನ್ ಕಂಪನಿ ನಮ್ಮಂಥವರಿಗೆ ಮಾರುತ್ತಿದ್ದ ಕ್ರೂಶಿಯಲ್ ವ್ಯಾಪಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರಿನಲ್ಲಿ ಹೇಳಿತು. ಹಾಗಾಗಿ ಕಳೆದ ವರ್ಷ ಅಣ್ಣ ಕೊಟ್ಟ ದರ ಹಿಡಿದು ಅಂಗಡಿಯವರ ಜತೆ ಜಗಳ ಮಾಡಬೇಡಿ.

16 ಜಿಬಿ ಬೇಕು. ಒಳಗಿನ ಗ್ರಾಫಿಕ್ಸ್ ತನ್ನ ಪಾಲನ್ನು ರ‍್ಯಾಮಿನಿಂದಲೇ ತಗೊಳ್ಳುತ್ತದೆ, 8ರಲ್ಲಿ ಉಳಿಯುವುದು ಆರು ಚಿಲ್ಲರೆ. 16ರ ಒಂದು ಪಟ್ಟಿಗಿಂತ ಎಂಟೆಂಟರ ಎರಡು ಪಟ್ಟಿ ಹಾಕಿ. ಡ್ಯುಯಲ್ ಚಾನೆಲ್ ಆದರೆ 5600ಜಿಯ ಗೇಮ್ ವೇಗ ಕಣ್ಣಿಗೆ ಕಾಣುವಷ್ಟು ಏರುತ್ತದೆ. ದುಡ್ಡು ಸಾಲದಿದ್ದರೆ ಈಗ ಎಂಟರದ್ದೊಂದು ಹಾಕಿ ಇನ್ನೊಂದು ಸ್ಲಾಟ್ ಖಾಲಿ ಇಡಿ. ಮನೆಯಲ್ಲೋ ನೆಂಟರಲ್ಲೋ ಸತ್ತ ಡೆಸ್ಕ್‌ಟಾಪಿನ ಡಿಡಿಆರ್4 ರ‍್ಯಾಮ್ ಇದೆಯಾ ಅಂತ ಮೊದಲು ಹುಡುಕಿ. ಡಿಡಿಆರ್4 ಬೋರ್ಡಿನ ಪರವಾಗಿ ಇವತ್ತು ಇರುವ ದೊಡ್ಡ ವಾದ ಅದೇ.

ಹಾರ್ಡ್ ಡಿಸ್ಕ್ ಹಾಕಲಾ, ಎಸ್‌ಎಸ್‌ಡಿ ಹಾಕಲಾ?

500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, 2280 ಅಳತೆಯದು. ಬೋರ್ಡಿಗೇ ಮಲಗುತ್ತದೆ, ಕೇಬಲ್ ಇಲ್ಲ. ವೇಗದ ದರ್ಜೆ ಪಿಸಿಐಇ 3.0 ಸಾಕು, 5600ಜಿ ಅದಕ್ಕಿಂತ ಮೇಲೆ ಹೋಗುವುದೂ ಇಲ್ಲ. ಫೋಟೊ, ವಿಡಿಯೊ ರಾಶಿ ಇದ್ದರೆ ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ ಬೀರುವಿನಲ್ಲಿಡಿ.

ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು ಅಂತಾನೆ ಮಗ.

ಒಂದು ವರ್ಷ ಮುಂದೂಡಿ. ಆಮೇಲೂ ಹಠ ಇದ್ದರೆ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ. 70 ವ್ಯಾಟ್, ಹೆಚ್ಚಿನವಕ್ಕೆ ಬೇರೆ ಪವರ್ ಕೇಬಲ್ ಬೇಡ. ಜಿಟಿ 710 ಅನ್ನು ಯಾರಾದರೂ ‘ಗೇಮಿಂಗ್ ಕಾರ್ಡ್’ ಅಂತ ತೋರಿಸಿದರೆ ನಮಸ್ಕಾರ ಹೇಳಿ ಬನ್ನಿ, 5600ಜಿಯ ಒಳಗಿರುವುದೇ ಅದಕ್ಕಿಂತ ಎಷ್ಟೋ ಮೇಲು.

ಮಳೆಗಾಲದಲ್ಲಿ ಬೂಷ್ಟು ಹಿಡಿಯಲ್ವಾ?

ಆಗುಂಬೆಯ ಕಡೆ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಸುರಿಯುತ್ತದೆ. ಚಪ್ಪಲಿಗೆ, ಬೆಲ್ಟಿಗೆ ಬೂಷ್ಟು ಬರುವ ಮನೆಯಲ್ಲಿ ಕಂಪ್ಯೂಟರಿಗೆ ಮಾತ್ರ ರಿಯಾಯಿತಿ ಇಲ್ಲ. ಆದರೆ ಇದಕ್ಕೆ ಮದ್ದು ಸುಲಭ: ದಿನಾ ಒಂದೆರಡು ಗಂಟೆ ಓಡಿಸಿ. ಒಳಗಿನ ಬಿಸಿಯೇ ತೇವ ಓಡಿಸುತ್ತದೆ. ಹದಿನೈದು ದಿನ ಮುಚ್ಚಿಟ್ಟು ಪ್ಲಾಸ್ಟಿಕ್ ಕವರ್ ಹೊದಿಸಿದರೆ ತೇವ ಒಳಗೇ ಕೂತು ರ‍್ಯಾಮಿನ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗುತ್ತವೆ. ಆಮೇಲೆ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಪರದೆ ಬರುವುದಿಲ್ಲ. ಪ್ಲಗ್ ಕಿತ್ತು, ರ‍್ಯಾಮ್ ತೆಗೆದು, ಶಾಲೆ ಮಕ್ಕಳ ರಬ್ಬರಿನಿಂದ ಆ ಹಲ್ಲುಗಳನ್ನು ಮೆಲ್ಲಗೆ ಉಜ್ಜಿ, ಪುಡಿ ಊದಿ, ‘ಟಕ್’ ಅನ್ನುವವರೆಗೆ ಒತ್ತಿ ಕೂರಿಸಿ. ಅರ್ಧಕ್ಕರ್ಧ ‘ಬೋರ್ಡ್ ಹೋಗಿದೆ’ ಕೇಸುಗಳು ಇಷ್ಟಕ್ಕೇ ಮುಗಿಯುತ್ತವೆ.

ತೇವಕ್ಕಿಂತ ಕೆಟ್ಟದ್ದು ಅಡಿಕೆ ಕೊಯ್ಲಿನ ಕಾಲದ ಹೊಗೆ. ಬೇಯಿಸುವ ಒಲೆಯ ಮಸಿ, ಸುಲಿಯುವಾಗಿನ ದೂಳು, ಅದರ ಮೇಲೆ ಥಂಡಿ. ಮೂರೂ ಸೇರಿ ಫ್ಯಾನಿನ ಮೇಲೆ ಅಂಟಂಟು ಪದರ ಕಟ್ಟುತ್ತದೆ. ಮುಂಭಾಗದಲ್ಲಿ ಬಿಚ್ಚಿ ತೊಳೆಯುವ ಜಾಲರಿ ಇರುವ ಕ್ಯಾಬಿನೆಟ್ ತಗೊಳ್ಳಿ. ಹಿಂದೆ ಕಾರ್ಡ್ ಹಾಕುವ ಕಿಂಡಿಗಳು ತೆರೆದಿದ್ದರೆ ಮುಚ್ಚಿ, ಹಲ್ಲಿಗೆ ಅದಕ್ಕಿಂತ ಬೆಚ್ಚನೆಯ ಜಾಗ ಮನೆಯಲ್ಲಿಲ್ಲ. ಬಣ್ಣದ ಲೈಟು, ಗಾಜಿನ ಬಾಗಿಲು ಇದ್ದು ಗಾಳಿಯಾಡದ ಕ್ಯಾಬಿನೆಟ್ ಬೇಡ.

ಸೆಕೆಂಡ್ ಹ್ಯಾಂಡ್ ಪುಟ್ಟ ಡಬ್ಬಗಳು ಹೇಗೆ?

ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೊ, ಲೆನೊವೊ ಥಿಂಕ್‌ಸೆಂಟರ್ ಟೈನಿ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ. ಕಂಪನಿಗಳು ಬಳಸಿ ಬಿಟ್ಟದ್ದು, ಒಂದು ಲೀಟರಿನ ಆಸುಪಾಸು ಗಾತ್ರ, ಮಾನಿಟರಿನ ಹಿಂದೆ ಸಿಕ್ಕಿಸಬಹುದು. ಆಟ ಬೇಡ, ಅಪ್‌ಗ್ರೇಡ್ ಬೇಡ ಅನ್ನುವವರಿಗೆ ಹೊಸದಾಗಿ ಜೋಡಿಸುವುದಕ್ಕಿಂತ ಇದೇ ಲೇಸು. ಹಳೆಯ ಲ್ಯಾಪ್‌ಟಾಪಿನ ಡಿಡಿಆರ್4 ರ‍್ಯಾಮ್ ಕೂಡ ಇದಕ್ಕೆ ಹೊಂದುತ್ತದೆ.

ಇಂಟೆಲ್ 8ನೇ ಪೀಳಿಗೆಗಿಂತ ಕೆಳಗೆ ಇಳಿಯಬೇಡಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಕೇಳುವುದು ಅಲ್ಲಿಂದ ಮೇಲಿನದು. ಐ5-8500ಟಿ ಸಿಕ್ಕರೆ ಬಿಡಬೇಡಿ: ಆರು ಕೋರ್, 35 ವ್ಯಾಟ್. ಬಯಾಸ್ ಪಾಸ್‌ವರ್ಡ್ ಇಲ್ಲ ಅಂತ ಎದುರಲ್ಲೇ ತೆರೆದು ನೋಡಿ. ಅದರದೇ ಅಡಾಪ್ಟರ್ ಕೇಳಿ ತಗೊಳ್ಳಿ.

‘ಐ7, 16 ಜಿಬಿ, ಹೊಸದು’ ಅಂತ ಆನ್‌ಲೈನಲ್ಲಿ ನಂಬಲಾರದ ದರಕ್ಕೆ ಇದೆ.

ಐ7 ನಂತರದ ಸಂಖ್ಯೆ ನೋಡಿ. 2600 ಅಂತಿದ್ದರೆ ಅದು 2011ರ ಪ್ರೊಸೆಸರ್. ಹೊಸದಾಗಿ ಮಾಡಿದ ಎಚ್61 ಬೋರ್ಡಿನ ಮೇಲೆ ಅದನ್ನು ಕೂರಿಸಿ, ಬಣ್ಣದ ಲೈಟಿನ ಕ್ಯಾಬಿನೆಟ್ ತೊಡಿಸಿರುತ್ತಾರೆ. ಸಂಖ್ಯೆಯನ್ನೇ ಹಾಕಿಲ್ಲದಿದ್ದರೆ ಹಾಕದಿರಲು ಕಾರಣ ಇದೆ.

ಎಲ್ಲಿ ತಗೊಳ್ಳೋದು? ಬೆಂಗಳೂರಿಂದ ತರಿಸಲಾ?

ಎಸ್.ಪಿ. ರೋಡಿನಲ್ಲಿ ದರ ಕಡಿಮೆ, ಸರಕು ಹೆಚ್ಚು. ಆದರೆ ಎಲ್ಲವನ್ನೂ ಅಲ್ಲಿಂದ ತರಬೇಡಿ. ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ ಹಾಳಾಗುವುದು ಅಪರೂಪ, ಪಾರ್ಸೆಲಿನಲ್ಲಿ ಒಡೆಯುವುದೂ ಇಲ್ಲ. ಅವನ್ನು ಬೆಂಗಳೂರಿಂದಲೋ ಆನ್‌ಲೈನಿನಲ್ಲೋ ತರಿಸಿ. ಎಸ್‌ಎಂಪಿಎಸ್, ಮದರ್‌ಬೋರ್ಡ್, ಮಾನಿಟರ್, ಯುಪಿಎಸ್ ಶಿವಮೊಗ್ಗದಲ್ಲೇ. ಕೆಟ್ಟ ದಿನ ಎದುರು ನಿಂತು ಮಾತಾಡಲು ಒಬ್ಬರು ಬೇಕು, ಐನೂರು ಹೆಚ್ಚಾದರೂ ಅದು ಅವರಿಗೆ ಸಲ್ಲಬೇಕಾದದ್ದೇ.

‘ಬಿಲ್ ಬೇಡ ಅಂದ್ರೆ ಕಡಿಮೆ ಮಾಡಿ ಕೊಡ್ತೀನಿ ಸರ್’ ಅಂದಾಗ ಆಸೆಗೆ ಬೀಳಬೇಡಿ. ಉಳಿಯುವುದು 18% ಜಿಎಸ್‌ಟಿ, ಕಳೆದುಕೊಳ್ಳುವುದು ಮೂರು ವರ್ಷದ ವಾರಂಟಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ಫೋಟೊ ತೆಗೆದಿಡಿ, ಕಾಗದ ಮಳೆಗಾಲಕ್ಕೆ ಮಾಸುತ್ತದೆ. ಡಬ್ಬಗಳನ್ನು ಬಚ್ಚಲೊಲೆಗೆ ಹಾಕುವ ಮುಂಚೆ ಮನೆಯವರಿಗೆ ಹೇಳಿಡಿ.

ವಿಂಡೋಸೇ ಬೇಕಾ?

ನುಡಿಯಲ್ಲಿ ಟೈಪ್ ಮಾಡುವ ಕಚೇರಿ ಕೆಲಸ, ಟ್ಯಾಲಿ ಇದ್ದರೆ ವಿಂಡೋಸ್. ಬರೀ ಬ್ರೌಸರ್ ಮತ್ತು ಯೂನಿಕೋಡ್ ಕನ್ನಡವಾದರೆ ಲಿನಕ್ಸ್ ಮಿಂಟ್ ಪುಕ್ಕಟೆ, ಹಳೆಯ ಯಂತ್ರದಲ್ಲೂ ಹಗುರ.

ಎಲ್ಲ ಜೋಡಿಸಿದೆ, ಡಿಸ್‌ಪ್ಲೇ ಬರ್ತಿಲ್ಲ!

ಎಚ್‌ಡಿಎಂಐ ಕೇಬಲ್ ಮದರ್‌ಬೋರ್ಡಿಗೇ ಹಾಕಿದ್ದೀರಾ? ಪ್ರೊಸೆಸರ್ ಪಕ್ಕದ ನಾಲ್ಕು ಅಥವಾ ಎಂಟು ಪಿನ್ನಿನ ಪವರ್ ಕನೆಕ್ಟರ್ ಮರೆಯುವುದು ಎಲ್ಲಕ್ಕಿಂತ ಸಾಮಾನ್ಯ, ಫ್ಯಾನ್ ತಿರುಗುವುದರಿಂದ ಅನುಮಾನವೇ ಬರುವುದಿಲ್ಲ. ಆಮೇಲೆ ಒಂದೇ ರ‍್ಯಾಮ್ ಹಾಕಿ ನೋಡಿ, ಸ್ಲಾಟ್ ಬದಲಿಸಿ ನೋಡಿ. ಪ್ರೊಸೆಸರಿನ ಹೆಸರಲ್ಲಿ ಎಫ್ ಇದೆಯಾ ಅಂತ ಇನ್ನೊಮ್ಮೆ ಓದಿ. ಮೊದಲ ಸಲ ಆನ್ ಆಗುವಾಗ ಡಿಡಿಆರ್5 ಬೋರ್ಡುಗಳು ರ‍್ಯಾಮ್ ಪರೀಕ್ಷಿಸುತ್ತಾ ಕೆಲವು ನಿಮಿಷ ಕಪ್ಪಾಗೇ ಇರುತ್ತವೆ, ಗಾಬರಿಯಾಗಿ ಸ್ವಿಚ್ ಆರಿಸಬೇಡಿ, ಒಂದು ಲೋಟ ಕಾಫಿ ಮುಗಿಸಿ ಬನ್ನಿ. ಆಗಲೂ ಬರದಿದ್ದರೆ ಕ್ಯಾಬಿನೆಟ್ ಸಮೇತ ಶಿವಮೊಗ್ಗಕ್ಕೆ ಹೊರಡಿ. ಬರೀ ಬೋರ್ಡ್ ಬಿಚ್ಚಿ ಒಯ್ದರೆ ‘ನಿಮ್ಮ ಎಸ್‌ಎಂಪಿಎಸ್ಸಿಂದೇ ತೊಂದರೆ’ ಅಂತ ವಾಪಸ್ ಕಳಿಸುತ್ತಾರೆ.